ಸಮುದ್ರದ ಮೇಲೆ ಎಷ್ಟು ಹೊತ್ತು

ಬಹರೈನಿನಿಂದ ಮುಂಬಯಿಗೆ ವಿಮಾನ ಎಷ್ಟು ಹೊತ್ತಿನಲ್ಲಿ ಬರುತ್ತದೆ? ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಖಚಿತವಾದ ಉತ್ತರ ಬೇಕಾಯಿತು. ಕೇಳಿದವಳು ನನ್ನ ಅವ್ವ. ಅವಳು ಅಲ್ಲಿಯವರೆಗೆ ಹುಬ್ಬಳ್ಳಿಯಿಂದಾಚೆ ಹೋದವಳಲ್ಲ. ವಿಮಾನವನ್ನು ಕಂಡದ್ದು ಹೊಲದಲ್ಲಿ ಹತ್ತಿ ಬಿಡಿಸುವಾಗ, ತಲೆಯ ಮೇಲೆ ಬಹಳ ಎತ್ತರದಲ್ಲಿ. ಆದರೂ ಅವಳು ಕುತೂಹಲಕ್ಕೆ ಕೇಳಿದ್ದಲ್ಲ. ನನ್ನ ತಂಗಿಯ ಹೆರಿಗೆ ಎಲ್ಲಿ ಆಗಬೇಕು ಎಂಬುದು ಆ ಉತ್ತರದ ಮೇಲೆ ನಿಂತಿತ್ತು.

ತಂಗಿಯನ್ನು ಶಲವಡಿಗೆ ಕೊಟ್ಟಿದ್ದೆವು. ಅವಳ ಗಂಡ ಬಹರೈನಿನ ಒಂದು ಕಂಪನಿಯಲ್ಲಿ ಫಿಟ್ಟರ್. ಮದುವೆಯಾದ ಮೇಲೆ ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಹಿಂದಿನ ವರ್ಷ ಅವಳಿಗೆ ನಾಲ್ಕು ತಿಂಗಳಿಗೇ ಗರ್ಭ ಇಳಿದಿತ್ತು. ಗಂಡ ಕೆಲಸಕ್ಕೆ ಹೋಗಿದ್ದ, ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಸುದ್ದಿ ನಮಗೆ ತಲುಪುವ ಹೊತ್ತಿಗೆ ಅವಳು ಎದ್ದು ಅಡಿಗೆ ಮಾಡಿಕೊಳ್ಳುತ್ತಿದ್ದಳು. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷ ಆಗಿತ್ತು. ಆ ಸುದ್ದಿಯ ಪತ್ರ ಓದಿ ಹೇಳಿದವನು ನಾನೇ. ಅವ್ವ ಅಳಲಿಲ್ಲ. ಒಲೆಯ ಮುಂದಿನಿಂದ ಏಳದೆ, "ಇನ್ನೊಮ್ಮೆ ಹಂಗ ಆಗಾಕ ನಾ ಬಿಡೂದಿಲ್ಲ" ಎಂದಳು.

ಈಗ ತಂಗಿ ಮತ್ತೆ ಬಸುರಿ. ಆರು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ರೂಢಿ. ರೂಢಿ ಇಲ್ಲದಿದ್ದರೂ ಅವ್ವ ಬಿಡುತ್ತಿರಲಿಲ್ಲ. ಅಳಿಯ ಒಪ್ಪಿದ್ದ. ಆದರೆ ತನ್ನ ತಾಯಿಯ ಮಾತು ಬರದೆ ಟಿಕೀಟು ತೆಗೆಯುವವನಲ್ಲ. ಶಲವಡಿಯಲ್ಲಿದ್ದ ಆ ತಾಯಿ, ಎಂದರೆ ನಮ್ಮ ಬೀಗಿತ್ತಿ, ಬೇಡ ಎಂದುಬಿಟ್ಟಿದ್ದರು. ಏಳು ತಿಂಗಳು ದಾಟಿದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ ಎಂದು ಅಳಿಯ ತಿಳಿಸಿದ್ದ. ಹೀಗಾಗಿ ಕಾಯಲು ಹೊತ್ತಿರಲಿಲ್ಲ.

ಬೀಗಿತ್ತಿ ಬೇಡ ಎಂದದ್ದಕ್ಕೆ ಕಾರಣ ನಮ್ಮ ಓಣಿಯ ಗೌಂಡಿ ಕಾಕಾ. ಮನೆ ಕಟ್ಟುವ ಕೆಲಸ ಬಲ್ಲ ಮನುಷ್ಯ. ಎರಡು ವರ್ಷದಿಂದ ಬಹರೈನಿನಲ್ಲಿದ್ದ. ರಜೆಯ ಮೇಲೆ ಊರಿಗೆ ಬಂದವನು ಅಳಿಯ ಹೇಳಿ ಕಳಿಸಿದ್ದನ್ನು ಮೊದಲು ಶಲವಡಿಯಲ್ಲಿ ಮುಟ್ಟಿಸಿ, ಆಮೇಲೆ ನಮ್ಮ ಮನೆಗೆ ಬಂದ. ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಂದು ವಾರದ ರಜೆ, ಮನೆಯಲ್ಲಿದ್ದೆ.

"ಹನ್ನೆರಡಕ್ಕ ಅಲ್ಲಿ ಏರತೈತಿ, ಸಂಜೀ ಆರಕ್ಕ ಮುಂಬೈದಾಗ ಇಳೀತೈತಿ. ಕಂಪನ್ಯಾವರು ಕೊಡೂದು ಅದೊಂದ ವಿಮಾನದ ಟಿಕೀಟು" ಎಂದ ಕಾಕಾ.

"ಆರು ತಾಸು ಬರೇ ನೀರಿನ ಮ್ಯಾಲೇನು?" ಎಂದಳು ಅವ್ವ.

"ನಡುವ ಸ್ವಲ್ಪ ಉಸುಕಿನ ನೆಲಾ ಬರತೈತಿ ಬೇ. ಉಳಿದದ್ದೆಲ್ಲ ನೀರು."

"ಆರು ತಾಸು ಕುಂಡ್ರೂದು ಹೆಂಗ ಆಕಿ?"

"ಕುಂಡ್ರಾಕೇನು, ಮೆತ್ತನ್ನ ಖುರ್ಚಿ. ಊಟದ್ದ ನೋಡು ಫಜೀತಿ. ಆರು ತಾಸಿಗೆ ಒಂದ ಊಟ ಕೊಟ್ರು. ಜಿಪುಣ ಮಂದಿ!"

ಶಲವಡಿಯಲ್ಲಿಯೂ ಇದನ್ನೇ ಹೇಳಿ ಬಂದಿದ್ದ. ಬೀಗಿತ್ತಿ ಕೇಳಿಸಿಕೊಂಡದ್ದು ಎರಡೇ ಮಾತು. ಆರು ತಾಸು ನೀರಿನ ಮೇಲೆ, ಇಳಿಯುವುದು ಸಂಜೆಗೆ. ಬಸುರಿ ಹೆಂಗಸು ಮುಚ್ಚಂಜೆಯ ಹೊತ್ತಿಗೆ, ಅಂದರೆ ದೀಪ ಹಚ್ಚುವ ಹೊತ್ತಿಗೆ, ಹಳ್ಳ ಹೊಳೆ ದಾಟಬಾರದು ಎಂಬ ಕಟ್ಟು ಅವರ ಮನೆಯಲ್ಲಿ ಬಿಗಿಯಾಗಿತ್ತು. ಹಳ್ಳವನ್ನೇ ದಾಟಬಾರದ ಮೇಲೆ ಸಮುದ್ರದ ಮಾತೇನು? ಅಲ್ಲೇ ಇರಲಿ, ಅಲ್ಲೂ ದವಾಖಾನೆ ಇದೆ ಎಂದು ಹೇಳಿ ಕಳಿಸಿದ್ದರು.

ಕಾಕಾ ಎದ್ದುಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ಲೇ ತಮ್ಮಾ, ದಿನಾ ಪೇಪರಿನಾಗ ಅಮೇರಿಕಾದ್ದು ರಶಿಯಾದ್ದು ಬರೀತೀರಿ. ಆರು ತಾಸು ಅನ್ನೂದು ಖರೇನೋ ಸುಳ್ಳೋ ಅಷ್ಟು ತಿಳ್ಕೊಂಡು ಬಾ."

"ಕಾಕಾನ ಕುಂತು ಬಂದಾನಲ್ಲ ಬೇ."

"ಆಂವ ಶಲವಡಿಯಿಂದ ಇಲ್ಲಿಗೆ ಬಸ್ಸಿನಾಗ ಕುಂತ್ರ ಗೊರಕಿ ಹೊಡಿತಾನ. ಆಂವನ ಮಾತಿನ ಮ್ಯಾಲೆ ನನ್ನ ಮಗಳನ್ನ ಅಲ್ಲಿ ಬಿಡಲೇನು?"

ಮರುದಿನ ಕಚೇರಿಯಲ್ಲಿ, ಸಂಜೆಯ ಪುಟಗಳ ಕೆಲಸ ಹತ್ತುವ ಮುನ್ನ, ಕಪಾಟಿನಿಂದ ಹಳೆಯ ಅಟ್ಲಾಸ್ ತೆಗೆದೆ. ಬಹರೈನ್ ಎಂಬುದು ಅದರಲ್ಲಿ ಒಂದು ಚುಕ್ಕೆ. ಪತ್ರಿಕೆಯ ಕಟ್ಟುಗಳಿಗೆ ಬಿಗಿಯುವ ದಾರದ ಒಂದು ತುಂಡು ಕತ್ತರಿಸಿ, ಒಂದು ತುದಿಯನ್ನು ಆ ಚುಕ್ಕೆಯ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಮುಂಬಯಿಗೆ ಎಳೆದೆ. ದಾರ ಕೊಲ್ಲಿಯ ಮೇಲೆ, ಮರಳುಗಾಡಿನ ಒಂದು ಮೂಲೆಯ ಮೇಲೆ, ಆಮೇಲೆ ಅರಬ್ಬೀ ಸಮುದ್ರದ ಮೇಲೆ ಹಾದುಹೋಯಿತು. ಅದನ್ನು ನಕ್ಷೆಯ ಕೆಳಗಿನ ಅಳತೆಗೆ ಹಿಡಿದಾಗ ಹೆಚ್ಚು ಕಡಿಮೆ ಒಂದೂವರೆ ಸಾವಿರ ಮೈಲು ಬಂತು. ಇಂಥ ಜೆಟ್ ವಿಮಾನ ತಾಸಿಗೆ ಐನೂರು ಮೈಲಿನ ಮೇಲೆ ಹೋಗುತ್ತದೆ ಎಂಬುದು ಏಜೆನ್ಸಿಯ ಸುದ್ದಿಗಳನ್ನು ತರ್ಜುಮೆ ಮಾಡಿ ಮಾಡಿ ನನಗೆ ಗೊತ್ತಿತ್ತು. ಮೂರು ತಾಸು. ಏರುವುದಕ್ಕೆ ಇಳಿಯುವುದಕ್ಕೆ ಇನ್ನರ್ಧ ಸೇರಿಸಿದರೂ ಮೂರೂವರೆ.

ಕಾಕಾನ ಮಾತಿನ ಪ್ರಕಾರ ಆರು. ಉಳಿದ ಎರಡೂವರೆ ತಾಸು ಎಲ್ಲಿಗೆ ಹೋಯಿತು? ನಾನು ಮೊದಲು ನನ್ನ ದಾರದ ಮೇಲೆಯೇ ಸಂಶಯಪಟ್ಟೆ. ಮತ್ತೊಮ್ಮೆ ಅಳೆದೆ. ಅಷ್ಟೇ ಬಂತು. ನಡುವೆ ಎಲ್ಲೋ ಎಣ್ಣೆಗೆ ಇಳಿಯುತ್ತಿರಬೇಕು ಎಂದುಕೊಂಡೆ. ಆದರೆ ಕಾಕಾ ಹಾಗೆ ಹೇಳಿರಲಿಲ್ಲ.

ನಮ್ಮ ಸುದ್ದಿ ಸಂಪಾದಕರು ಕನ್ನಡಕವನ್ನು ಹಣೆಗೇರಿಸಿ ನನ್ನ ಮೇಜಿನ ಮೇಲಿನ ದಾರ ನೋಡಿದರು. ಕಡಿಮೆ ಮಾತಿನ ಮನುಷ್ಯ. ನಾನು ವಿಷಯ ಹೇಳಿದೆ.

"ಎರಡು ಲೆಕ್ಕ ಕೂಡಲಿಲ್ಲಂದ್ರ ಏನ್ ಮಾಡಬೇಕಂತ ಕಲಿಸೇನಿ ನಿನಗ?"

"ಎರಡನ್ನೂ ಛಾಪಿಸಬಾರದ್ರಿ."

"ಆಮ್ಯಾಲೆ?"

"ಹೇಳಿದವನ್ನ ಮತ್ತ ಹೋಗಿ ಕೇಳಬೇಕ್ರಿ."

"ಮತ್ತ ಇಲ್ಲೇನ್ ದಾರಾ ಹಿಡಕೊಂಡು ಕುಂತೀಯೋ? ಆ ಜೋಳದ ಧಾರಣಿ ಬರದು ಕೊಡು, ಆಮ್ಯಾಲೆ ಸಮುದ್ರ ಅಳಿ."

ಮುಂದಿನ ರಜೆಗೆ ಅಣ್ಣಿಗೇರಿಗೆ ಬಂದವನು ಮನೆಗೆ ಹೋಗುವ ಮೊದಲೇ ಕಾಕಾನನ್ನು ಹುಡುಕಿದೆ. ಅವನು ಬಸ್ ನಿಲ್ದಾಣದ ಬಾಜು ಚಹಾದ ಅಂಗಡಿಯಲ್ಲಿ ಕುಳಿತಿದ್ದ. ಹತ್ತಿಯ ಜಿನ್ನಿಂಗ್ ಮಿಲ್ಲಿನ ನಾಲ್ಕರ ಭೋಂಗಾ ಆಗಷ್ಟೇ ಕೂಗಿತ್ತು. ಚಹಾದ ಅಂಗಡಿಯವನು ಕಾಕಾನ ಹೊಸ ಕೈಗಡಿಯಾರವನ್ನು ಹಿಡಿದು ನಗೆಯಾಡುತ್ತಿದ್ದ. ಹಳದಿ ಬಣ್ಣದ, ದೊಡ್ಡ ಮುಖದ, ಪರದೇಶದ ಗಡಿಯಾರ. ಬಂದ ದಿನದಿಂದ ಊರಿಗೆಲ್ಲ ತೋರಿಸಿದ್ದ.

"ನೋಡ್ರಿ ಅಣ್ಣಾರ, ಕಾಕಾನ ಫಾರಿನ್ ವಾಚು. ಭೋಂಗಾ ನಾಲ್ಕು ಅಂತೈತಿ, ಇದು ಒಂದೂವರಿ ಅಂತೈತಿ. ಇದಕ್ಕಿಂತ ನಮ್ಮ ಮಿಲ್ಲಿನ ವಾಚಮನ್ ಚಲೋ!"

"ಕೆಟ್ಟಿಲ್ಲಲೇ. ಅಲ್ಲಿ ಅಂಗಡ್ಯಾಂವ ಹೊಂದಿಸಿ ಕೊಟ್ಟಾನ. ಮುಳ್ಳು ತಿರುವಿದ್ರ ಗ್ಯಾರಂಟಿ ಹೋಗತೈತಂತ. ಇನ್ನೊಂದು ತಿಂಗಳಿಗೆ ಮತ್ತ ಅಲ್ಲಿಗೆ ಹೋಗಾಂವ, ಸುಮ್ನ ಯಾಕ ತಿರುವಲಿ?" ಎಂದ ಕಾಕಾ.

"ಹಂಗಾದ್ರ ಈ ಒಂದೂವರಿ ಎಲ್ಲೀದು ಕಾಕಾ?" ನಾನು ಕೇಳಿದೆ.

"ಅಲ್ಲೀದು. ಈಗ ಅಲ್ಲಿ ಒಂದೂವರಿನ. ನಮ್ಮ ಹುಡುಗ್ರು ಉಂಡು ಅಡ್ಡಾಗಿರತಾರ."

ನಾನು ಬೆಂಚಿನ ಮೇಲೆ ಕುಳಿತೆ. "ಕಾಕಾ, ವಿಮಾನ ಹನ್ನೆರಡಕ್ಕ ಏರತೈತಿ ಅಂದ್ರಲ್ಲ, ಅದು ಯಾವ ಹನ್ನೆರಡು?"

"ಅಲ್ಲೀದು, ಮತ್ತೆಲ್ಲೀದು?"

"ಆರಕ್ಕ ಇಳೀತೈತಿ ಅಂದದ್ದು?"

"ಅದು ಮುಂಬೈದು. ಟಿಕೀಟಿನ್ಯಾಗ ಹಂಗ ಬರದಿರತಾರ."

"ಅಲ್ಲೀದು ಹನ್ನೆರಡು ಅಂದ್ರ ನಮ್ಮದು ಎಷ್ಟಾತು?"

ಕಾಕಾ ಗಡಿಯಾರ ನೋಡಿದ, ಮಿಲ್ಲಿನ ಕಡೆ ನೋಡಿದ, ಬೆರಳು ಮಡಚಿದ. ಎರಡೂವರೆ. ಎರಡೂವರೆಯಿಂದ ಆರಕ್ಕೆ ಮೂರೂವರೆ. ನನ್ನ ದಾರ ಹೇಳಿದ್ದೂ ಅಷ್ಟೇ. ಅವನು ಗ್ಲಾಸು ಕೆಳಗಿಟ್ಟು ತೊಡೆಗೆ ಬಡಿದುಕೊಂಡ.

"ಅರೇ! ಅದಕ್ಕ ಎರಡನೇ ಊಟ ಕೊಡಲಿಲ್ಲ ನೋಡು ಮಕ್ಕಳು!"

ಎರಡು ವರ್ಷ ಅಲ್ಲಿ ಬಾಳಿದವನು ಇದನ್ನು ಯಾಕೆ ಕೂಡಿಸಿ ನೋಡಿರಲಿಲ್ಲ ಎಂದು ಆಮೇಲೆ ಯೋಚಿಸಿದ್ದೇನೆ. ಅಲ್ಲಿನ ಹೊತ್ತು ಬೇರೆ ಎಂಬುದು ಅವನಿಗೆ ಗೊತ್ತಿತ್ತು. ಪ್ರಯಾಣದ ಹೊತ್ತನ್ನು ಅಳೆಯುವ ಪ್ರಸಂಗ ಮಾತ್ರ ಬಂದಿರಲಿಲ್ಲ. ನಮ್ಮ ಕಡೆ ಯಾರೂ ಹಾಗೆ ಅಳೆಯುತ್ತಿರಲಿಲ್ಲ. ಉಂಡು ಹೊರಟರೆ ಹೊತ್ತು ಇಳಿಯುವುದರೊಳಗೆ ಮುಟ್ಟುತ್ತೀರಿ ಎಂದರೆ ಯಾವ ಊರಾದರೂ ಸಿಕ್ಕಿಬಿಡುತ್ತಿತ್ತು. ಎರಡು ಊರಿನಲ್ಲೂ ಸೂರ್ಯ ಒಂದೇ ಹೊತ್ತಿಗೆ ನೆತ್ತಿಗೆ ಬರುವಷ್ಟು ಹತ್ತಿರದ ಪ್ರಯಾಣಗಳಿಗೆ ಆ ಮಾತು ಸಾಕು. ಪತ್ರಿಕೆಯಲ್ಲಿದ್ದ ನಾನೂ ಹನ್ನೆರಡನ್ನೂ ಆರನ್ನೂ ಒಂದೇ ಗಡಿಯಾರದ್ದೆಂದು ತಿಳಿದಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಎರಡು ಸಲ ಹೇಳಿಸಿದಳು. ಮೂರನೆಯ ಸಲ ತಾನೇ ಹೇಳಿ ನೋಡಿದಳು. ಮುಖ ಅರಳಿತು. ಅಷ್ಟಕ್ಕೇ ಬಿಡಬಹುದಿತ್ತು.

"ಆದ್ರ ಬೇ, ಇಳಿಯೂ ಹೊತ್ತು ಬದಲಾಗೂದಿಲ್ಲ. ಮುಂಬೈದಾಗ ಈ ದಿವಸದಾಗ ಹೊತ್ತು ಮುಳುಗೂದು ಆರಕ್ಕ. ಮುಚ್ಚಂಜ್ಯಾಗ ಆಕಿ ನೀರಿನ ಮ್ಯಾಲೆನ ಇರತಾಳ."

"ಅದನ್ನ ಹೇಳಲಿಲ್ಲಂದ್ರ ಅವರಿಗೆ ಗೊತ್ತಾಗತೈತೇನು?"

"ಆಗಲಿಕ್ಕಿಲ್ಲ."

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಉಬ್ಬಿ, ಮತ್ತೆ ಕುಸಿಯಿತು.

"ಹೇಳೂಣು. ಮುಚ್ಚಿಟ್ಟು ಕರಕೊಂಡು ಬಂದು, ನಾಳೆ ಏನರ ಹೆಚ್ಚುಕಡಿಮಿ ಆತಂದ್ರ, ಅದು ನನ್ನ ಮಗಳ ಮ್ಯಾಲೆ ಬರತೈತಿ. ಆಕಿ ಬಾಳೇ ಮಾಡೂದು ಆ ಮನ್ಯಾಗ. ಎಲ್ಲಾ ಹೇಳಿ, ಹ್ಞೂಂ ಅನಿಸಿಕೊಂಡ ಬರೂಣು. ಹ್ಞೂಂ ಅನ್ನೂತನಕ ನಾ ಅಲ್ಲಿಂದ ಏಳಾಕಿ ಅಲ್ಲ."

ಮರುದಿನ ಬೆಳಿಗ್ಗೆಯ ಬಸ್ಸಿಗೆ ಶಲವಡಿಗೆ ಹೋದೆವು. ದಾರಿಯುದ್ದಕ್ಕೂ ಎರೆ ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿಯುತ್ತಿತ್ತು. ಅವ್ವ ಕಿಟಕಿಯಿಂದ ಹೊರಗೆ ನೋಡಲೇ ಇಲ್ಲ.

ಬೀಗಿತ್ತಿ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ಎತ್ತರದ ಹೆಂಗಸು, ನಿಧಾನವಾದ ದನಿ.

"ಬರ್ರಿ ಬೀಗರ. ಪೇಪರಿನ ಸಾಹೇಬ್ರನ್ನೂ ಕರಕೊಂಡು ಬಂದೀರಿ. ಏನ್ ತಮ್ಮಾ, ದಾರಾ ಹಿಡದು ಸಮುದ್ರ ಅಳದ್ಯಂತಲ್ಲ?"

ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ನಾನು ನಕ್ಕು, ನೀರು ಕುಡಿದು, ಕ್ರಮವಾಗಿ ಹೇಳಿದೆ. ಆರು ತಾಸಲ್ಲ, ಮೂರೂವರೆ. ನಮ್ಮೂರಲ್ಲಿ ಹೊತ್ತು ನೆತ್ತಿಗೆ ಬಂದಾಗ ಬಹರೈನಿನಲ್ಲಿ ಇನ್ನೂ ಏರುಬಿಸಿಲು. ಹೀಗಾಗಿ ಅಲ್ಲಿನ ಹನ್ನೆರಡು ನಮ್ಮ ಎರಡೂವರೆ. ಮೊರ ಆಡಿಸುತ್ತಲೇ ಕೇಳಿದರು.

"ಅಂದ್ರ ನನ್ನ ಮಗಾ ಅಲ್ಲೂ ನನಗಿಂತ ತಡಾ ಮಾಡಿ ಏಳತಾನ ಅನ್ನು. ಸಮುದ್ರ ದಾಟಿದ್ರೂ ಚಾಳಿ ಬಿಡಲಿಲ್ಲ."

"ಹೌದ್ರಿ ಅತ್ತಿ."

"ಮೂರೂವರಿ ಆತು. ಮುಚ್ಚಂಜಿದು?"

ಅವ್ವ ನನ್ನ ಕಡೆ ನೋಡಿದಳು. ನಾನು, "ಮುಂಬೈ ದಂಡಿಗೆ ವಿಮಾನ ಬರೂದು ಹೊತ್ತು ಮುಳುಗೂ ಹೊತ್ತಿಗೇರಿ. ದೀಪಾ ಹಚ್ಚೂ ಮುಂದ ಆಕಿ ನೀರಿನ ಮ್ಯಾಲೆ ಇರತಾಳ. ಅದನ್ನ ನಾವು ಇಲ್ಲ ಅನ್ನೂದಿಲ್ಲ" ಎಂದೆ.

ಮೊರ ನಿಂತಿತು. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ.

"ನಿಮಗ ಇದು ಮುದುಕೇರ ಮಾತು ಅನಿಸಿರಬೇಕು" ಎಂದರು. "ನನ್ನ ತವರಮನಿ ಯರಗುಪ್ಪಿ. ನನಗ ಎಂಟು ತಿಂಗಳಾಗಿತ್ತು, ಗಾಡ್ಯಾಗ ಹೊಂಟಿದ್ವಿ. ಬೆಣ್ಣಿಹಳ್ಳಕ್ಕ ಬರೂದ್ರಾಗ ಮುಚ್ಚಂಜಿ ಆತು. ನೀರು ಹರಡಿನ ಮಟಾ ಐತಿ, ಪಾದ ಮುಳುಗೂವಷ್ಟ, ಅಂದ್ರು. ಆ ಹೊತ್ತಿನ್ಯಾಗ ನೀರಿನ ಆಳ ಕಣ್ಣಿಗೆ ತಿಳಿಯೂದಿಲ್ಲ. ಮ್ಯಾಲೆ ಎಲ್ಲೋ ಮಳಿ ಆಗಿತ್ತು. ನಡುವ ಹೋದ ಮ್ಯಾಲೆ ಎತ್ತಿನ ಕಾಲು ಕಿತ್ತು ಗಾಡಿ ಬಿತ್ತು. ನಾ ಉಳದೆ. ಕೂಸು ಉಳೀಲಿಲ್ಲ. ನನ್ನ ಮಗಾ ಹುಟ್ಟಿದ್ದು ಆಮ್ಯಾಲೆ."

ನಮಗೆ ಈ ಸಂಗತಿ ಗೊತ್ತಿರಲಿಲ್ಲ. ಬೀಗತನ ಬೆಳೆಸುವಾಗ ಇಂಥದನ್ನು ಯಾರೂ ಹೇಳುವುದಿಲ್ಲ. ನನ್ನ ಲೆಕ್ಕ ಅಲ್ಲಿಗೆ ಮುಗಿದಿತ್ತು.

ಅವ್ವ ಸರಿದು ಅವರ ಹತ್ತಿರ ಕುಳಿತಳು.

"ಅವತ್ತು ಗಾಡ್ಯಾಗ ನಿಮ್ಮ ಜೋಡಿ ಯಾರಿದ್ರು?"

"ಗಂಡಸರು ಇಬ್ರು. ಹೆಂಗಸಂತ ಒಬ್ಬಾಕಿನೂ ಇರಲಿಲ್ಲ."

"ನನ್ನ ಮಗಳಿಗೂ ಹೋದ ವರ್ಷ ಹಂಗ ಆತು. ಅಲ್ಲಿ ಹಳ್ಳ ಇರಲಿಲ್ಲ. ನೀರೂ ಇರಲಿಲ್ಲ, ಮುಚ್ಚಂಜಿನೂ ಅಲ್ಲ. ಆಕಿ ಒಬ್ಬಾಕಿ ಇದ್ಲು, ಅಷ್ಟ."

ಬೀಗಿತ್ತಿ ಮೊರದಲ್ಲಿದ್ದ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು. ಆಮೇಲೆ ನನ್ನನ್ನು ಕೇಳಿದರು.

"ಆ ವಿಮಾನದಾಗ ಹೆಣ್ಮಕ್ಕಳು ಇರತಾರೇನು?"

"ಇರತಾರ್ರಿ. ಮಂದಿನ್ನ ನೋಡ್ಕೊಳ್ಳಾಕಂತನ ಇರತಾರ."

"ಮೂರೂವರಿ ತಾಸು ಅನ್ನೂದು ಖರೇ?"

"ಹಾರೂದು ಅಷ್ಟರಿ. ಏರೂದು ತಡಾ ಆಗಬಹುದು, ಅದು ನನಗ ಹೇಳಾಕ ಬರೂದಿಲ್ಲ."

"ಅದನ್ನ ಯಾರಿಗೂ ಹೇಳಾಕ ಬರೂದಿಲ್ಲ. ಶಲವಡಿ ಬಸ್ಸಿಂದ ಹೇಳಾಕ ಬರತೈತೇನು?" ಎಂದು ಅವ್ವನ ಕಡೆ ತಿರುಗಿದರು. "ಬರಲಿ. ಆದ್ರ ಆಕಿ ಇಳಿಯೂ ಜಾಗಾದಾಗ ನಾ ಇರಬೇಕು."

"ಯಕ್ಕಾ, ಕರಕೊಂಡು ಬರಾಕ ನಾ ಹೊಂಟೀನಲ್ಲ."

"ನೀವು ಹೋಗಬ್ಯಾಡ್ರಿ ಅಂದೆನೇನು? ನಾನೂ ಬರತೀನಿ ಅಂದೆ. ಏನ್ ತಮ್ಮಾ, ಇಬ್ರು ಮುದುಕೇರನ್ನ ಮುಂಬೈಕ್ಕ ಒಯ್ಯೂ ಧೈರ್ಯ ಐತೋ ಇಲ್ಲೋ? ಇಲ್ಲಂದ್ರ ದಾರಾ ಕಟ್ಟಿ ಎಳಕೊಂಡು ಹೋಗು."

ಅಂದೇ ಅಣ್ಣಿಗೇರಿಯ ಅಂಚೆ ಕಚೇರಿಯಿಂದ ಅಳಿಯನಿಗೆ ತಂತಿ ಕೊಟ್ಟೆವು.

ಮುಂಬಯಿಗೆ ಹೋದದ್ದು ರೈಲಿನಲ್ಲಿ, ಮಿರಜದಲ್ಲಿ ಗಾಡಿ ಬದಲಿಸಿ. ಇಬ್ಬರೂ ಕಿಟಕಿಯ ಎದುರುಬದುರು ಕುಳಿತು, ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ, ಪರಸ್ಪರರ ಚಟ್ನಿಯಲ್ಲಿ ಕೊರತೆ ಎಣಿಸುತ್ತ ಉಂಡರು. ಸಾಂತಾಕ್ರೂಜ್ ವಿಮಾನ ನಿಲ್ದಾಣದ ಹೊರಗಿನ ಕಟಾಂಜನದ ಬಳಿ ನಾವು ನಿಂತಾಗ ಇನ್ನೂ ಬಿಸಿಲಿತ್ತು. ಆರಾಯಿತು. ವಿಮಾನ ಬರಲಿಲ್ಲ. ನಾನು ಒಳಗೆ ಹೋಗಿ ವಿಚಾರಿಸಿದೆ. ಅಲ್ಲಿಂದಲೇ ಒಂದು ತಾಸು ತಡವಾಗಿ ಹೊರಟಿದೆ ಎಂದರು. ಬಂದು ಹೇಳಿದೆ. ಬೆಂಚು ಖಾಲಿ ಇತ್ತು, ಇಬ್ಬರೂ ಕುಳಿತುಕೊಳ್ಳಲಿಲ್ಲ. ದೀಪಗಳು ಹತ್ತಿದವು. ಬೀಗಿತ್ತಿ ಒಮ್ಮೆ ಕೈ ಮುಗಿದು, ಮತ್ತೆ ಕಟಾಂಜನ ಹಿಡಿದರು.

ಏಳು ಹೊಡೆದು ಮುಕ್ಕಾಲು ತಾಸಿನ ಮೇಲೆ ತಂಗಿ ಹೊರಗೆ ಬಂದಳು. ಕಾಲು ಬಾತಿದ್ದವು. ಕೈಯಲ್ಲೊಂದು ಚೀಲ, ಹಿಂದೆ ಕೂಲಿಯವನ ತಲೆಯ ಮೇಲೆ ಪೆಟ್ಟಿಗೆ. ಅವ್ವ ಮುಂದೆ ನುಗ್ಗಿದಳು. ಬೀಗಿತ್ತಿ ಕೈ ಅಡ್ಡ ಚಾಚಿದರು.

"ತಡೀರಿ. ಇನ್ನೂ ನಮ್ಮ ಮನಿ ಸೊಸಿ ಆಕಿ."

ಅವರು ಊರಿಂದ ಹೊತ್ತು ತಂದಿದ್ದ ಗಂಟು ಬಿಚ್ಚಿದಾಗ ನನಗೆ ತಿಳಿಯಿತು. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣದ ಕೊನೆ, ಹೊಸ ಕುಬಸದ ಖಣ. ಹೆರಿಗೆಗೆ ತವರಿಗೆ ಹೋಗುವವಳನ್ನು ಗಂಡನ ಮನೆಯವರು ಉಡಿ ತುಂಬಿ ಕಳಿಸಬೇಕು. ಬಹರೈನಿನ ಕೋಣೆಯಲ್ಲಿ ಆ ಕೆಲಸಕ್ಕೆ ಹಿರಿಯ ಹೆಂಗಸು ಯಾರೂ ಇರಲಿಲ್ಲ.

"ತಮ್ಮಾ, ಇಲ್ಲಿ ಮೂಡಲ ಯಾವ ಕಡೆ?"

ಸೂರ್ಯ ಮುಳುಗಿ ಒಂದು ತಾಸಿನ ಮೇಲಾಗಿತ್ತು, ಊರು ಹೊಸದು. ನಾನು ಕೂಲಿಯವನನ್ನು ಕೇಳಿದೆ. ಅವನು ಟ್ಯಾಕ್ಸಿಗಳು ನಿಂತಿದ್ದ ಕಡೆ ತೋರಿಸಿದ. ಬೀಗಿತ್ತಿ ಸೊಸೆಯನ್ನು ಟ್ಯಾಕ್ಸಿಗಳಿಗೆ ಮುಖ ಮಾಡಿ ಬೆಂಚಿನ ಮೇಲೆ ಕೂಡಿಸಿ, ಸೆರಗು ಹಿಡಿಸಿ, ಉಡಿ ತುಂಬಿದರು. ಜನ ದಾಟಿ ಹೋಗುತ್ತಿದ್ದರು, ಕೆಲವರು ನಿಂತು ನೋಡಿದರು. ಅವರು ಆತುರ ಮಾಡಲಿಲ್ಲ. ಮುಗಿಸಿದ ಮೇಲೆ ಅವ್ವನಿಗೆ ಹೇಳಿದರು.

"ಈಗ ಕರಕೊಂಡು ಹೋಗ್ರಿ ನಿಮ್ಮ ಮಗಳನ್ನ."

ಹೋಳಿ ಹುಣ್ಣಿಮೆಗೆ ಇನ್ನೂ ಕೆಲವು ದಿನ ಇರುವಾಗ ಅಣ್ಣಿಗೇರಿಯ ನಮ್ಮ ಮನೆಯ ಒಳಕೋಣೆಯಲ್ಲಿ ತಂಗಿಗೆ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿಯ ಜೊತೆ ಅವ್ವ, ಬೀಗಿತ್ತಿ ಇಬ್ಬರೂ ಒಳಗಿದ್ದರು, ನೀರು ಎಷ್ಟು ಬಿಸಿ ಇರಬೇಕು ಎಂದು ಜಗಳವಾಡುತ್ತಿದ್ದರು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಬೀಗಿತ್ತಿ ಬಾಗಿಲು ತೆರೆದು, "ಇಬ್ಬರೂ ಚಲೋ ಅದಾರ, ನಿಮ್ಮ ಅಳಿಯಗ ತಂತಿ ಕೊಡು" ಎಂದು ಹೇಳಿ ಮತ್ತೆ ಮುಚ್ಚಿಕೊಂಡರು.